ಗೀಸರ್ ಕೊಳ್ಳುವ ಮೊದಲು ನಿಮ್ಮ ಮನೆ ನೀರು ನೋಡಿ

ನಮ್ಮ ಬಚ್ಚಲ ಕಿಟಕಿಯಲ್ಲಿ ಗೇಣುದ್ದದ ಒಂದು ತಂತಿ ಇಟ್ಟುಕೊಂಡಿದ್ದೇನೆ. ಅಲ್ಲಲ್ಲಿ ಬಿಳಿ ಹಿಟ್ಟಿನಂಥದ್ದು ಅಂಟಿಕೊಂಡಿದೆ. ಮೊಮ್ಮಗ ಎರಡು ಸಲ ಅದನ್ನು ಕಸಕ್ಕೆ ಹಾಕಿದ, ಎರಡು ಸಲವೂ ನಾನೇ ಎತ್ತಿಕೊಂಡು ಬಂದೆ. ಹೊಸದರಲ್ಲಿ ಅದು ಹೆಬ್ಬೆರಳಿನಷ್ಟು ದಪ್ಪದ ಸರಳು. ನಮ್ಮ ಹಳೇ ಗೀಸರಿನ ಹೊಟ್ಟೆಯೊಳಗೆ ಇತ್ತು. ಅದು ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ, ಗೀಸರ್ ಮೂರೇ ವರ್ಷಕ್ಕೆ ತಳ ತೂತಾಗಿ ಸೋರಲು ಶುರುವಾದ ಮೇಲೆ ಬಿಚ್ಚಿದ ಮೆಕ್ಯಾನಿಕ್ ಹುಡುಗ ಕೈಗೆ ಕೊಟ್ಟು "ಇದನ್ನ ಬದಲಾಯಿಸಿದ್ರೆ ಟ್ಯಾಂಕ್ ಉಳೀತಿತ್ತು ಅಮ್ಮಾ" ಅಂದ.

ನಾವು ತೀರ್ಥಹಳ್ಳಿ ಕಡೆಯವರು. ತುಂಗಾ ಪಾನ, ಗಂಗಾ ಸ್ನಾನ ಅಂತ ಕೇಳುತ್ತಲೇ ಬೆಳೆದವರು. ತಾಮ್ರದ ಹಂಡೆಗೆ ವರ್ಷಗಟ್ಟಲೆ ಒಲೆ ಉರಿ ಹಾಕಿದರೂ ಒಳಗೆ ಏನೂ ಕಟ್ಟುತ್ತಿರಲಿಲ್ಲ. ಬೆಂಗಳೂರಿಗೆ ಮಗನ ಮನೆಗೆ ಬಂದ ಮೇಲೆ ಬೋರ್‌ವೆಲ್ ನೀರು. ಮೊದಲ ವಾರವೇ ಗೊತ್ತಾಯಿತು: ಸೋಪು ಉಜ್ಜಿದಷ್ಟೂ ನೊರೆ ಇಲ್ಲ, ತೊಗರಿಬೇಳೆ ನಾಲ್ಕು ವಿಷಲ್ ಕೂಗಿದರೂ ಕಾಳು ಕಾಳಾಗಿಯೇ ಇರುತ್ತದೆ, ಸ್ಟೀಲ್ ಲೋಟ ಒರೆಸದೆ ಇಟ್ಟರೆ ಬಿಳಿ ಕಲೆ. ಇದೇ ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರು ಕಾದಾಗ ಸುಣ್ಣದ ಪದರವಾಗಿ ಹೊರಗೆ ಬರುತ್ತವೆ. ಗಾಯದ ಮೇಲೆ ಹಕ್ಕಳೆ ಕಟ್ಟುತ್ತದಲ್ಲ, ಹಾಗೆ. ಜಾಸ್ತಿ ಕಾಯಿಸಿದಷ್ಟೂ ಜಾಸ್ತಿ ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೇ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಆಗಬಹುದು ಅಂತ ಇದೆ. ಒಂದು ಸಲ ನಿಮ್ಮ ನೀರನ್ನು ಲ್ಯಾಬಿಗೆ ಕೊಟ್ಟು ನೋಡಿ. ಆಮೇಲೆ ಅಂಗಡಿಗೆ ಹೋಗಿ.

ಅಂಗಡಿಯವರು ಬಣ್ಣ, ಡಿಸ್‌ಪ್ಲೇ, ಮೊಬೈಲಿನಿಂದ ಆನ್ ಮಾಡುವುದು ಇವನ್ನೇ ತೋರಿಸುತ್ತಾರೆ. ನೀವು ಟ್ಯಾಂಕ್ ಯಾವುದರದ್ದು ಅಂತ ಕೇಳಿ. ಸಾಮಾನ್ಯವಾಗಿ ಎರಡು ಥರ ಇರುತ್ತದೆ. ಒಂದು ಸ್ಟೇನ್‌ಲೆಸ್ ಸ್ಟೀಲ್. ಇನ್ನೊಂದು ಮಾಮೂಲಿ ಉಕ್ಕಿನ ಟ್ಯಾಂಕಿಗೆ ಒಳಗಡೆ ಗಾಜಿನ ಲೇಪ ಕೊಟ್ಟದ್ದು, ಹಳೇ ಕಾಲದ ಎನಾಮೆಲ್ ತಟ್ಟೆ ಇತ್ತಲ್ಲ, ಆ ಜಾತಿಯದು. ಸ್ಟೀಲ್ ಅಂದ ತಕ್ಷಣ ಗಟ್ಟಿ ಅಂದುಕೊಳ್ಳಬೇಡಿ. ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಇದ್ದರೆ ಬೆಸುಗೆ ಹಾಕಿದ ಕಡೆ ಸಣ್ಣ ಸಣ್ಣ ತೂತು ಬೀಳುತ್ತದೆ. ಬೋರ್‌ವೆಲ್ ನೀರಿಗೆ ನಾನು ಗಾಜಿನ ಲೇಪದ್ದೇ ವಾಸಿ ಅನ್ನುತ್ತೇನೆ. ಆದರೆ ಗಾಜಿನ ಲೇಪದಲ್ಲೂ ಕಣ್ಣಿಗೆ ಕಾಣದ ಬಿರುಕು ಇರುತ್ತದೆ, ಅಲ್ಲಿಂದ ತುಕ್ಕು ಶುರು. ಅದಕ್ಕೇ ಆ ಸರಳು. ಆನೋಡ್ ರಾಡ್ ಅನ್ನುತ್ತಾರೆ. ಮೆಗ್ನೀಸಿಯಂ ಲೋಹದ್ದು, ಮಧ್ಯೆ ಉಕ್ಕಿನ ತಂತಿ. ಮೆಗ್ನೀಸಿಯಂ ಉಕ್ಕಿಗಿಂತ ಬೇಗ ಸವೆಯುವ ಲೋಹ, ಹಾಗಾಗಿ ನೀರು ಮೊದಲು ಅದನ್ನು ತಿನ್ನುತ್ತದೆ, ಟ್ಯಾಂಕನ್ನು ಬಿಡುತ್ತದೆ. ತಿನ್ನುವುದಕ್ಕೆ ಸರಳು ಮುಗಿದು ಬರೀ ತಂತಿ ಉಳಿದ ದಿನದಿಂದ ಟ್ಯಾಂಕಿನ ಸರದಿ. ನಮ್ಮದು ಹಾಗೇ ಆದದ್ದು.

ಆಮೇಲಿನ ಹೊಸ ಗೀಸರನ್ನು ವರ್ಷಕ್ಕೊಮ್ಮೆ ಬಿಚ್ಚಿಸುತ್ತೇನೆ. ಸರಳು ಅರ್ಧಕ್ಕಿಂತ ಸವೆದಿದ್ದರೆ ಹೊಸದು. ಕೆಲವು ನೂರು ರೂಪಾಯಿ ಅಷ್ಟೆ, ಟ್ಯಾಂಕ್ ಹೋದರೆ ಇಡೀ ಗೀಸರೇ ಹೋದಂತೆ. ಅದೇ ಹೊತ್ತಿಗೆ ತಳದಲ್ಲಿ ಕೂತ ಸುಣ್ಣವನ್ನೂ ತೆಗೆಸಿ. ಹೋದ ಸಲ ನಮ್ಮ 15 ಲೀಟರಿನದರಲ್ಲಿ ಅರ್ಧ ಚೆಂಬಿನಷ್ಟು ಬಂತು, ಮೊಟ್ಟೆ ಸಿಪ್ಪೆ ಪುಡಿ ಮಾಡಿದ ಹಾಗೆ ಚಕ್ಕೆ ಚಕ್ಕೆ. ಕೆಲವರು ಒಳಗೆ ಆಸಿಡ್ ಸುರಿದು ಐದು ನಿಮಿಷದಲ್ಲಿ ಕ್ಲೀನ್ ಮಾಡಿ ಕೊಡುತ್ತೇವೆ ಅನ್ನುತ್ತಾರೆ. ಬೇಡ ಅನ್ನಿ. ಆಸಿಡ್ ಸುಣ್ಣವನ್ನಷ್ಟೇ ಅಲ್ಲ, ಸರಳನ್ನೂ ಉಕ್ಕನ್ನೂ ತಿನ್ನುತ್ತದೆ.

ನೀರು ಕಾಯುವಾಗ ಗೀಸರಿನಿಂದ ಗುರ್ ಗುರ್, ಕಟಕಟ ಸದ್ದು ಬರುತ್ತಿದ್ದರೆ ಒಳಗೆ ಹಕ್ಕಳೆ ಕಟ್ಟಿದೆ ಅಂತಲೇ ಲೆಕ್ಕ. ಕಾಯಿಸುವ ಎಲಿಮೆಂಟ್ ಅಂದರೆ ಲೋಹದ ಕೊಳವೆ, ಅದರೊಳಗೆ ಕರೆಂಟ್ ಹರಿದರೆ ಕಾಯುವ ನೈಕ್ರೋಮ್ ತಂತಿ, ಸುತ್ತ ಒತ್ತಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ. ಕೊಳವೆಯ ಮೇಲೆ ಸುಣ್ಣ ಕಂಬಳಿ ಹೊದೆಸಿದಂತೆ ಕೂತರೆ ಕಾವು ನೀರಿಗೆ ಸರಿಯಾಗಿ ಇಳಿಯುವುದಿಲ್ಲ, ಎಲಿಮೆಂಟೇ ಕಾದು ಕಾದು ಸುಡುತ್ತದೆ. ಕೊಳವೆ ತಾಮ್ರದ್ದೂ ಇರುತ್ತದೆ, ಇಂಕೊಲಾಯ್ ಅಂತ ನಿಕ್ಕಲ್, ಕ್ರೋಮಿಯಂ, ಕಬ್ಬಿಣ ಸೇರಿದ ಮಿಶ್ರಲೋಹದ್ದೂ ಇರುತ್ತದೆ. ನಮ್ಮಂಥ ನೀರಿಗೆ ಎರಡನೆಯದನ್ನೇ ಕೇಳಿ. ನೀರು ಎಷ್ಟು ಬಿಸಿಯಾಗಬೇಕು ಅಂತ ಹೊಂದಿಸುವ ಥರ್ಮೋಸ್ಟಾಟ್ ಅನ್ನು ತುದಿಯವರೆಗೂ ತಿರುಗಿಸಬೇಡಿ, 55ರಿಂದ 60 ಡಿಗ್ರಿ ಧಾರಾಳ ಸಾಕು. ಹಾಗೆ ನೋಡಿದರೆ 2000 ವ್ಯಾಟಿನ ಗೀಸರಿಗೆ 15 ಲೀಟರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು 18-20 ನಿಮಿಷ ಸಾಕು. ಬೆಳಿಗ್ಗೆ ಐದಕ್ಕೇ ಹಾಕಿ ಏಳಕ್ಕೆ ಸ್ನಾನಕ್ಕೆ ಹೋಗುವವರು ನಮ್ಮ ಮನೆಯಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಪಕ್ಕದಲ್ಲಿರುವ ಪುಟ್ಟ ವಾಲ್ವಿನಿಂದ ಕಾಯುವಾಗ ನಾಲ್ಕು ಹನಿ ತೊಟ್ಟಿಕ್ಕಿದರೆ ಗಾಬರಿ ಬೇಡ, ಒಳಗಿನ ಒತ್ತಡ ಬಿಡುವುದೇ ಅದರ ಕೆಲಸ. ಸೋರುತ್ತದೆ ಅಂತ ಎಂ-ಸೀಲ್ ಮೆತ್ತಿ ಮುಚ್ಚಿದ್ದನ್ನು ನೋಡಿದ್ದೇನೆ. ಬಚ್ಚಲಲ್ಲಿ ಬಾಂಬ್ ಇಟ್ಟುಕೊಂಡ ಹಾಗೆ ಅದು.

ಇನ್ನು ಕುಕ್ಕರ್. ಅಲ್ಯೂಮಿನಿಯಂ ಕುಕ್ಕರಿನ ತಳ ಈ ನೀರಿಗೆ ಕಪ್ಪಾಗುತ್ತದೆ, ಅಲ್ವಾ? ಪಾತ್ರೆ ಇಡುವ ಮೊದಲು ತಳದ ನೀರಿಗೆ ಒಂದು ಹುಣಸೆ ಎಸಳೋ ಹಿಂಡಿದ ನಿಂಬೆ ಸಿಪ್ಪೆಯೋ ಹಾಕಿ, ಕಪ್ಪಾಗುವುದಿಲ್ಲ. ಆಗಲೇ ಕಪ್ಪಾಗಿದ್ದರೆ ಅದನ್ನೇ ಹಾಕಿ ಹತ್ತು ನಿಮಿಷ ಕುದಿಸಿ. ಬಟ್ಟೆ ಸೋಡಾ ಮಾತ್ರ ಹತ್ತಿರ ತರಬೇಡಿ, ಅಲ್ಯೂಮಿನಿಯಂ ಅದಕ್ಕೆ ಕರಗುತ್ತದೆ. ಬೇಳೆ ಬೇಯದಿದ್ದರೆ ಬೇಳೆಗೆ ಮಾತ್ರ ಆರ್‌ಒ ಫಿಲ್ಟರಿನ ನೀರು ಹಾಕಿ, ಕುಕ್ಕರಿನದೇನೂ ತಪ್ಪಿಲ್ಲ.

ಎಲೆಕ್ಟ್ರಿಕ್ ಕೆಟಲ್‌ಗೂ ಇದೇ ಔಷಧಿ. ಅರ್ಧ ಕೆಟಲ್ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಕುದಿಸಿ ಅರ್ಧ ಗಂಟೆ ಬಿಟ್ಟರೆ ಸುಣ್ಣ ಬುಸ್ ಅಂತ ಗುಳ್ಳೆ ಬಂದು ಬಿಡುತ್ತದೆ. ವಾಷಿಂಗ್ ಮೆಷಿನ್ನಿಗೆ ಸುಣ್ಣ ತೆಗೆಯುವ ಡೀಸ್ಕೇಲಿಂಗ್ ಪುಡಿ ಹಾಕಿ ಬಟ್ಟೆ ಇಲ್ಲದೆ ಬಿಸಿನೀರಲ್ಲಿ ಓಡಿಸಿ, ಆದರೆ ಜೊತೆಗೆ ಬ್ಲೀಚ್ ಸೇರಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಉಸಿರು ಕಟ್ಟುತ್ತದೆ.

ಗೀಸರ್ ಬಿಚ್ಚಿಸಿದ ದಿನವೇ ಅದರ ಹೊಟ್ಟೆಯ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆದುಬಿಡಿ. ಸೊಸೆಗೆ ಅದು ಚೆನ್ನಾಗಿ ಕಾಣುವುದಿಲ್ಲವಂತೆ. ಹಾಗಾಗಿ ಗೋಡೆ ಕಡೆ ಬರೆದಿದ್ದೇನೆ, ಸ್ಟೂಲ್ ಹತ್ತಿ ಕನ್ನಡಕ ಹಾಕಿದರೆ ಕಾಣುತ್ತದೆ.