ಫಿಟ್ಸ್ ಹೌದೋ ಅಲ್ಲವೋ: ಎಂಆರ್‌ಐ ಅಳತೆ ಮಾಡಿಸುವ, ಓದುವ ಕ್ರಮ

ಪ್ರಜ್ಞೆ ತಪ್ಪಿ ಬಿದ್ದವರಿಗೆಲ್ಲ ಮೂರ್ಛೆರೋಗವಿರುವುದಿಲ್ಲ. ರಕ್ತದೊತ್ತಡ ಕುಸಿದು ಬೀಳುವವರುಂಟು, ಮಾನಸಿಕ ಕಾರಣದಿಂದ ಫಿಟ್ಸ್‌ನಂತೆಯೇ ನಡುಗುವವರೂ ಉಂಟು. ಇಇಜಿ (ಮೆದುಳಿನ ವಿದ್ಯುತ್ ಸಂಕೇತಗಳ ದಾಖಲೆ), ಎಂಆರ್‌ಐ ಎರಡೂ ‘ನಾರ್ಮಲ್’ ಬಂದು ಅನುಮಾನ ಹಾಗೇ ಉಳಿದರೆ, ಮೆದುಳಿನ ಭಾಗಗಳ ಗಾತ್ರವನ್ನು ಕಂಪ್ಯೂಟರಿನಲ್ಲಿ ಅಳೆಯಬಹುದು.

ಮೊದಲು ಸ್ಕ್ಯಾನ್ ಸರಿಯಾಗಬೇಕು. ಚೀಟಿಯಲ್ಲಿ ‘ಎಪಿಲೆಪ್ಸಿ ಪ್ರೋಟೋಕಾಲ್’ (ಮೂರ್ಛೆರೋಗಕ್ಕೆಂದೇ ಇರುವ ಸ್ಕ್ಯಾನ್ ಕ್ರಮ) ಎಂದು ಬರೆಸಿ. ಅದರಲ್ಲಿ 1 ಮಿ.ಮೀ. ದಪ್ಪದ 3ಡಿ ಟಿ1, 3ಡಿ ಫ್ಲೇರ್ ಮತ್ತು ಹಿಪೊಕ್ಯಾಂಪಸ್‌ಗೆ (ನೆನಪಿಗೆ ಸಂಬಂಧಿಸಿದ ಮೆದುಳಿನ ಒಳಭಾಗ) ಅಡ್ಡಲಾಗಿ ತೆಗೆದ ಟಿ2 ಎಂಬ ಬಗೆಯ ಚಿತ್ರಗಳಿರಬೇಕು. ಅಳತೆ ನಡೆಯುವುದು 3ಡಿ ಟಿ1 ಮೇಲೆ, 5 ಮಿ.ಮೀ. ಸ್ಲೈಸ್‌ಗಳ ಮಾಮೂಲಿ ಸ್ಕ್ಯಾನ್ ಇದಕ್ಕೆ ಸಾಲದು. ತಲೆ ಸ್ವಲ್ಪ ಅಲುಗಿದರೂ ಮೆದುಳಿನ ಹೊರಪದರ ಇರುವುದಕ್ಕಿಂತ ತೆಳುವಾಗಿ ಕಾಣುತ್ತದೆ. ಫಿಲ್ಮ್ ತಂದರೆ ಅಳೆಯಲಾಗದು, ಡೈಕಾಮ್ (ಸ್ಕ್ಯಾನ್‌ನ ಮೂಲ ಡಿಜಿಟಲ್ ರೂಪ) ಫೈಲ್‌ಗಳಿರುವ ಸಿಡಿಯನ್ನೇ ಕೇಳಿ ಪಡೆಯಿರಿ. ಸ್ಕ್ಯಾನ್‌ಗಾಗಿ ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ನಂತರದ್ದು ಅಳತೆ. ಫ್ರೀಸರ್ಫರ್‌ನಂಥ ತಂತ್ರಾಂಶ ಪ್ರತಿ ಭಾಗಕ್ಕೂ ಗಡಿ ಎಳೆಯುತ್ತದೆ. ಹಿಪೊಕ್ಯಾಂಪಸ್ ಮತ್ತು ಅದರ ಪಕ್ಕದ ಭಾಗವಾದ ಅಮಿಗ್ಡಲಾ ಕೂಡುವ ಕಡೆ ಅದು ಎಡವುವುದು ಜಾಸ್ತಿ, ಹಾಗಾಗಿ ಪರಿಣತರು ಗಡಿಗಳನ್ನು ಕಣ್ಣಾರೆ ನೋಡಲೇಬೇಕು. ಬಂದ ಗಾತ್ರವನ್ನು ತಲೆಯ ಗಾತ್ರಕ್ಕೆ ಹೊಂದಿಸಿ, ಅದೇ ವಯಸ್ಸಿನ, ಅದೇ ಲಿಂಗದ, ಸಾಧ್ಯವಾದರೆ ಅದೇ ಯಂತ್ರದಲ್ಲಿ ಸ್ಕ್ಯಾನ್ ಆದ ಆರೋಗ್ಯವಂತರ ಸರಾಸರಿಯೊಂದಿಗೆ ಹೋಲಿಸುತ್ತಾರೆ.

ಉದಾಹರಣೆಗೆ, ಸರಾಸರಿ 3.8 ಮಿ.ಲೀ., ಪ್ರಮಾಣಿತ ವಿಚಲನೆ (ಜನರ ನಡುವಿನ ಏರಿಳಿತದ ಅಳತೆ) 0.4 ಎಂದುಕೊಳ್ಳಿ. ರೋಗಿಯ ಎಡ ಹಿಪೊಕ್ಯಾಂಪಸ್ 2.9 ಇದ್ದರೆ ಝಡ್ ಅಂಕ (ಸರಾಸರಿಯಿಂದ ಎಷ್ಟು ವಿಚಲನೆ ದೂರ ಎಂಬುದು) ಮೈನಸ್ 2.25. ಬಲಗಡೆಯದು 3.8 ಇದ್ದರೆ ಎಡ–ಬಲದ ವ್ಯತ್ಯಾಸ ಎರಡರ ಸರಾಸರಿಯ ಸುಮಾರು ಶೇ 27. ಸಾಮಾನ್ಯವಾಗಿ ಮೈನಸ್ 2ಕ್ಕಿಂತ ಕೆಳಗಿಳಿದರೆ ಅಸಹಜ ಎನ್ನುತ್ತಾರೆ.

ಜನ ಮೋಸಹೋಗುವುದು ಇಲ್ಲೇ. ಆರೋಗ್ಯವಂತರಲ್ಲೂ ಶೇ 2ರಷ್ಟು ಮಂದಿ ಆ ಗೆರೆಯ ಕೆಳಗಿರುತ್ತಾರೆ. 40 ಭಾಗ ಅಳೆದರೆ ಒಂದು ಬರೀ ಆಕಸ್ಮಿಕವಾಗಿ ‘ಅಸಹಜ’ ಆಗುವುದು ದೊಡ್ಡದೇನಲ್ಲ. ದೀರ್ಘಕಾಲದ ಖಿನ್ನತೆ, ಮದ್ಯಪಾನವೂ ಹಿಪೊಕ್ಯಾಂಪಸ್ ಕುಗ್ಗಿಸಬಲ್ಲವು. ಇನ್ನೊಂದೆಡೆ, ನಮ್ಮಲ್ಲಿ ಫಿಟ್ಸ್‌ಗೆ ಕಾರಣವಾಗುವ ಲಾಡಿಹುಳುವಿನ ಗಂಟು ಈ ಅಂಕಿಗಳಲ್ಲಿ ಸಿಗದು. ಅದನ್ನು ಚಿತ್ರದಲ್ಲೇ ಹುಡುಕಬೇಕು.

ಆದ್ದರಿಂದ ಅಂಕಿಯನ್ನು ಲಕ್ಷಣದ ಪಕ್ಕದಲ್ಲಿಟ್ಟು ಓದಬೇಕು. ಹೊಟ್ಟೆಯಿಂದ ಏನೋ ಮೇಲೆದ್ದಂತಾಗುವುದು, ನೋಟ ನೆಟ್ಟು ತುಟಿ ಚಪ್ಪರಿಸುವುದು, ಆಮೇಲೆ ಸ್ವಲ್ಪ ಹೊತ್ತು ಮಾತು ಹೊರಡದಿರುವುದು: ಇವು ಮೆದುಳಿನ ಎಡ ಟೆಂಪೊರಲ್ (ಕಿವಿಯ ಬದಿಯ) ಭಾಗದತ್ತ ಬೊಟ್ಟುಮಾಡುತ್ತವೆ. ಕುಗ್ಗಿದ್ದೂ ಅದೇ ಕಡೆಯಾದರೆ ಅಂಕಿಗೆ ತೂಕ. ಬೇರೆ ಕಡೆಯಾದರೆ ಅದರ ಮೇಲೆ ರೋಗದ ಹಣೆಪಟ್ಟಿ ಹಚ್ಚಬಾರದು. ಅಂಕಿ ಸಹಜವಿದ್ದ ಮಾತ್ರಕ್ಕೆ ಮೂರ್ಛೆರೋಗ ಇಲ್ಲವೆಂದೂ ಅಲ್ಲ. ಮನೆಯವರು ಮೊಬೈಲಿನಲ್ಲಿ ಹಿಡಿದ ವಿಡಿಯೊ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

ಇನ್ನೂ ಗೊಂದಲವಿದ್ದರೆ ದೀರ್ಘ ವಿಡಿಯೊ ಇಇಜಿ, ಅಗತ್ಯಬಿದ್ದರೆ ಎಫ್‌ಡಿಜಿ ಪೆಟ್ (ಮೆದುಳಿನ ಗ್ಲೂಕೋಸ್ ಬಳಕೆ ತೋರಿಸುವ ಸ್ಕ್ಯಾನ್). ಪೆಟ್‌ಗೆ 4ರಿಂದ 6 ಗಂಟೆ ಉಪವಾಸವಿದ್ದು, ಚುಚ್ಚುಮದ್ದಿನ ನಂತರ ಮಂದ ಬೆಳಕಿನ ಕೋಣೆಯಲ್ಲಿ ಮಾತಿಲ್ಲದೆ ಮಲಗಬೇಕು. ಆಗ ಇಇಜಿಯೂ ಓಡುತ್ತಿರಲಿ. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಮಂಕಾಗಿ ಕಾಣುವುದು ರೋಗದ ಭಾಗ. ಗೊತ್ತಾಗದಂತೆ ಒಂದು ಫಿಟ್ಸ್ ಬಂದರೂ ರೋಗದ ಭಾಗವೇ ಹೆಚ್ಚು ಗ್ಲೂಕೋಸ್ ಎಳೆದು ಹೊಳೆಯುತ್ತದೆ, ಆರೋಗ್ಯವಾದ ಬದಿ ಮಂಕಾಗಿ ಕಂಡು ಎಡ–ಬಲವೇ ಅದಲುಬದಲಾದೀತು.