ಪೋತೆ, ಪೊತೇ: ಗ್ರೀಕರ ಸಭೆಯ ಮಾತು ನಾನು ಕಲಿತ ಬಗೆ

ಗ್ರೀಸಿನ ಪಿರೇಯಸ್ ಬಂದರಿನ ಅಂಚಿಗೆ ಆಕ್ತಿ ಮಿಯಾವುಲಿ ಅಂತ ಒಂದು ರಸ್ತೆ ಇದೆ. ಹಡಗು ಕಂಪನಿಗಳ ಆಫೀಸುಗಳಿಗೆ ಹೆಸರಾದ ರಸ್ತೆ ಅದು. ಅಲ್ಲೊಂದು ಆಫೀಸಿನಲ್ಲಿ 2017ರಲ್ಲಿ ನನಗೆ ಕೆಲಸ ಸಿಕ್ಕಿತು. ಭಾರತದಿಂದ ಬರುವ ನಾವಿಕರ ಕಾಗದಪತ್ರ, ಟಿಕೆಟ್, ಕರಾರು ನೋಡಿಕೊಳ್ಳುವ ವಿಭಾಗ. ನಾನು ಕುಮಟಾ ಕಡೆಯವಳು. ಹಡಗು, ಬಂದರು ನನಗೆ ಹೊಸದಾಗಿರಲಿಲ್ಲ. ಭಾಷೆ ಮಾತ್ರ ಪೂರ್ತಿ ಹೊಸದು.

ಆಫೀಸಿನ ಭಾಷೆ ಇಂಗ್ಲಿಷ್ ಅಂದಿದ್ದರು. ಪತ್ರವ್ಯವಹಾರಕ್ಕೆ ಅದು ನಿಜ. ಆದರೆ ನಾಲ್ಕು ಜನ ಗ್ರೀಕರು ಒಂದು ಮೇಜಿನ ಸುತ್ತ ಕೂತರೆ ಹತ್ತು ನಿಮಿಷದಲ್ಲಿ ಮಾತು ಗ್ರೀಕಿಗೆ ಹೊರಳುತ್ತದೆ. ಅದು ಅವರ ಮನೆಮಾತು, ತಪ್ಪೇನಿಲ್ಲ ಅಲ್ವಾ? ಕಷ್ಟ ಏನೆಂದರೆ, ಆ ಮೀಟಿಂಗುಗಳ ಟಿಪ್ಪಣಿ ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಮೊದಲ ತಿಂಗಳಲ್ಲೇ ಮೇಲಿನವರಿಂದ ಒಂದೇ ಪದದ ಮೆಸೇಜ್ ಬಂತು: 'ಪ್ರಕ್ತಿಕಾ?' ಇಂಗ್ಲಿಷಿನ ಪ್ರಾಕ್ಟಿಕಲ್ ಅಂತಲೇ ತಿಳಿದೆ. ಮರುದಿನದ ಮೀಟಿಂಗಿಗೆ ರೂಮು, ಪ್ರೊಜೆಕ್ಟರ್, ಕಾಫಿ ಎಲ್ಲ ತಯಾರಿದೆ ಅಂತ ಉದ್ದ ಉತ್ತರ ಬರೆದೆ. ಅವರು ಕೇಳಿದ್ದು ಹಿಂದಿನ ಮೀಟಿಂಗಿನ ಮಿನಿಟ್ಸ್. ಗ್ರೀಕಿನಲ್ಲಿ ಮಿನಿಟ್ಸಿಗೆ ಪ್ರಕ್ತಿಕಾ ಅನ್ನುತ್ತಾರೆ. ಬಿಡಿಸಿ ನೋಡಿದರೆ 'ಮಾಡಿದ್ದು, ನಡೆದದ್ದು'. ಆ ಅರ್ಥ ತಿಳಿದ ಕ್ಷಣ ಅಪ್ಪನ ನೆನಪಾಯಿತು. ಅವರು ಊರಿನ ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವರು. ಕೆಂಪು ರಟ್ಟಿನ ಒಂದು ದಪ್ಪ ಪುಸ್ತಕ ಮನೆಗೆ ತಂದು, ಊಟವಾದ ಮೇಲೆ ಕೂತು ಬರೆಯುತ್ತಿದ್ದರು. ಅದರ ಮೇಲೆ 'ನಡಾವಳಿ' ಅಂತಿತ್ತು. ಪ್ರಕ್ತಿಕಾ ಅಂದರೆ ನಡಾವಳಿ. ಎರಡರಲ್ಲೂ ನಡೆದದ್ದು ಅನ್ನುವ ಅರ್ಥವೇ ಇದೆ. ಅವತ್ತಿನಿಂದ ಆ ಪದ ನನಗೆ ಒಮ್ಮೆಯೂ ಮರೆತಿಲ್ಲ.

ಅಲ್ಲಿಯವರೆಗೆ ಇಂಟರ್ನೆಟ್ಟಿನಲ್ಲಿ ಸಿಗುವ ಇಂಗ್ಲಿಷ್-ಗ್ರೀಕ್ ಪಟ್ಟಿಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಮೀಟಿಂಗ್ ಅನ್ನುವ ಒಂದೇ ಪದದ ಎದುರು ಐದಾರು ಗ್ರೀಕ್ ಪದ. ಎಲ್ಲವೂ 'ಸಿನ್' ಅಂತಲೇ ಶುರು. ಯಾವುದು ಎಲ್ಲಿಗೆ ಅಂತ ಪಟ್ಟಿ ಹೇಳುವುದಿಲ್ಲ. ಹಾಗಾಗಿ ಒಂದು ನೋಟ್‌ಬುಕ್ ತಂದು ಮೂರು ಕಾಲಂ ಹಾಕಿದೆ. ಇಂಗ್ಲಿಷ್, ಗ್ರೀಕ್, ಕನ್ನಡ. ಗ್ರೀಕ್ ಪದವನ್ನೂ ಕನ್ನಡ ಅಕ್ಷರದಲ್ಲೇ ಬರೆದೆ.

ಈ ಕನ್ನಡ ಅಕ್ಷರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನನಗೆ ಅತಿ ಹೆಚ್ಚು ಉಪಯೋಗವಾಗಿದ್ದು ಇದೇ. ಗ್ರೀಕಿನ ತ, ದ, ಪ, ಕ ನಮ್ಮ ಕಿವಿಗೆ ಹತ್ತಿರ. ಇಂಗ್ಲಿಷಿನ ಟಿ, ಡಿ ದಾರಿ ತಪ್ಪಿಸುತ್ತವೆ. ಗ್ರೀಕಿನಲ್ಲಿ ಸ್ವರ ಐದೇ. ಹ್ರಸ್ವ, ದೀರ್ಘ ಅಂತ ಬೇರೆ ಬೇರೆ ಇಲ್ಲ. ಆದರೆ ಪದದ ಯಾವ ಭಾಗಕ್ಕೆ ಒತ್ತು ಅನ್ನುವುದು ಬಹಳ ಮುಖ್ಯ. ಒತ್ತು ಬಿದ್ದ ಸ್ವರ ತುಸು ಉದ್ದ ಕೇಳಿಸುತ್ತದೆ. ನಾನು ಒತ್ತು ಇರುವಲ್ಲಿ ದೀರ್ಘ, ಉಳಿದ ಕಡೆ ಹ್ರಸ್ವ ಬರೆಯತೊಡಗಿದೆ. ಕನ್ನಡದಲ್ಲಿ ಎ ಏ, ಒ ಓ ಎರಡೂ ಇವೆ. ಹಿಂದಿಯ ಲಿಪಿಯಲ್ಲಿ ಹ್ರಸ್ವ ಎ, ಒ ಇಲ್ಲದ್ದರಿಂದ ಆಫೀಸಿನ ಹಿಂದಿ ಗೆಳತಿಗೆ ಈ ಉಪಾಯ ಸಿಗಲಿಲ್ಲ.

ಒತ್ತು ಎಷ್ಟು ಮುಖ್ಯ ಅಂತ ಕಲಿಸಿದ್ದು ಒಂದು ಪ್ರಶ್ನೆ. ಮುಂದಿನ ಮೀಟಿಂಗ್ ಯಾವಾಗ ಅಂತ ಗ್ರೀಕಿನಲ್ಲೇ ಕೇಳೋಣ ಅಂದುಕೊಂಡು, ವಿಭಾಗದ ಹಿರಿಯರೊಬ್ಬರ ಮುಂದೆ 'ಪೊತೇ?' ಅಂದೆ. ಅವರು ಒಂದು ಗಳಿಗೆ ಸುಮ್ಮನೆ ನನ್ನನ್ನೇ ನೋಡಿದರು. ಆಮೇಲೆ ಪೆನ್ಸಿಲ್ ತೆಗೆದು, ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಎರಡು ಪದ ಬರೆದರು. ಅಕ್ಷರಗಳು ಒಂದೇ. ಮೊದಲನೆಯದರಲ್ಲಿ ಪುಟ್ಟ ಗೀಟು ಮೊದಲ ಸ್ವರದ ಮೇಲೆ, ಎರಡನೆಯದರಲ್ಲಿ ಕೊನೆಯ ಸ್ವರದ ಮೇಲೆ. ಪೋತೆ ಅಂದರೆ ಯಾವಾಗ. ಪೊತೇ ಅಂದರೆ ಎಂದಿಗೂ ಇಲ್ಲ. ಆ ಪುಟ್ಟ ಗೀಟಿನ ಹೆಸರು ತೋನೊಸ್. ಮೊದಲು ಗ್ರೀಕಿನಲ್ಲಿ ಇಂಥ ಗುರುತು ಹಲವು ಇದ್ದವು. 1982ರಲ್ಲಿ ಬರವಣಿಗೆ ಸರಳ ಮಾಡಿ ಒಂದನ್ನೇ ಉಳಿಸಿಕೊಂಡರು. ಆ ಹಾಳೆ ಈಗಲೂ ನನ್ನ ನೋಟ್‌ಬುಕ್ಕಿನ ಒಳಗಿದೆ.

ಇನ್ನು ಆ 'ಸಿನ್' ಪದಗಳು. ಸಿನ್ ಅಂದರೆ ಕೂಡಿ, ಜೊತೆಗೆ. ನಮ್ಮ ಸಂಸ್ಕೃತದ 'ಸಂ' ಮಾಡುವ ಕೆಲಸವೇ ಅದರದ್ದೂ. ಎರಡೂ ಒಂದೇ ಬೇರಿನ ಪದಗಳು ಅನ್ನುತ್ತಿಲ್ಲ, ಕೆಲಸ ಒಂದೇ ಅನ್ನುತ್ತಿದ್ದೇನೆ. ಅದರ ಮುಂದೆ ಏನು ಬರುತ್ತದೆ ಅಂತ ನೋಡಿದರೆ ಜನ ಸೇರಿ ಏನು ಮಾಡುತ್ತಾರೆ ಅಂತ ತಿಳಿಯುತ್ತದೆ. ಸಿನಾಂದಿಸಿ ಅಂದರೆ ಎದುರಾಗುವುದು, ಭೇಟಿ. ದಾರಿಯಲ್ಲಿ ಸಿಕ್ಕರೂ ಅದೇ, ಕ್ಲೈಂಟ್ ಜೊತೆ ಹತ್ತು ನಿಮಿಷ ಕೂತರೂ ಅದೇ. ಸೀಸ್ಕೆಪ್ಸಿ ಅಂದರೆ ಕೂಡಿ ಯೋಚಿಸುವುದು. ಒಂದು ಹಡಗಿನ ಎಂಜಿನ್ ಕೆಟ್ಟಾಗ ನಾಲ್ಕು ಜನರನ್ನು ತಕ್ಷಣ ಕರೆಯುತ್ತಾರಲ್ಲ, ಅದು ಸೀಸ್ಕೆಪ್ಸಿ. ಕನ್ನಡದ ಕಾಲಂನಲ್ಲಿ ಸಮಾಲೋಚನೆ ಅಂತ ಬರೆದೆ. ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ. ಸಿನೇಲೆಫ್ಸಿ ಅಂದರೆ ಕೂಡಿ ಬರುವುದು. ಸಂಘದ ಸದಸ್ಯರೆಲ್ಲ ಸೇರುವ ಮಹಾಸಭೆ ಅದು.

ಸಿನೆದ್ರೀಯಸಿ ಅಂದರೆ ಕೂಡಿ ಕೂರುವುದು. ಅಧ್ಯಕ್ಷರು, ಅಜೆಂಡಾ, ನಡಾವಳಿ ಇರುವ ಕ್ರಮಬದ್ಧ ಸಭೆ. ಅದರ ಒಳಗಿರುವ ಏದ್ರ ಅಂದರೆ ಆಸನ. ನಮ್ಮ ಸದನ, ಸಂಸತ್ತು, ಪರಿಷತ್ತು ಎಲ್ಲದರ ಒಳಗೆ 'ಸದ್' ಇದೆ, ಕೂರುವುದು ಅಂತ. ಈ ಏದ್ರ ಮತ್ತು ಸದ್ ನಿಜಕ್ಕೂ ಒಂದೇ ಬೇರಿನವು. ಭಾಷಾಶಾಸ್ತ್ರದಲ್ಲಿ ಇದು ಒಪ್ಪಿತ ವಿಷಯ. ಕನ್ನಡ ಸಾಹಿತ್ಯ ಪರಿಷತ್ತು ಅಂತ ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದೇನೆ. ಅದು 'ಸುತ್ತ ಕೂತವರು' ಅಂತ ನನಗೆ ಹೊಳೆದದ್ದು ಪಿರೇಯಸ್‌ನಲ್ಲಿ. ಅಧ್ಯಕ್ಷರಿಗೆ ಗ್ರೀಕರು ಪ್ರೋಎದ್ರೊಸ್ ಅನ್ನುತ್ತಾರೆ, ಮುಂದಿನ ಆಸನದವರು.

ಇನ್ನೂ ಖುಷಿ ಕೊಟ್ಟದ್ದು ಸಿಂಗೇಂದ್ರೊಸಿ. ಜನ ಒಂದು ಕಡೆ ಗುಂಪುಗೂಡುವುದು, ಮೆರವಣಿಗೆಗೆ ಸೇರುವುದು. ಮೆಟ್ರೊ ಮುಷ್ಕರದ ದಿನ ಅಥೆನ್ಸಿನ ಸಿಂತಾಗ್ಮಾ ಚೌಕದಲ್ಲಿ ಸೇರುತ್ತಾರಲ್ಲ, ಅದು. ಒಳಗೆ ಕೂತಿರುವ ಪದ ಕೇಂದ್ರ! ಕೇಂದ್ರ ನಮ್ಮ ಭಾಷೆಗೆ ಬಂದದ್ದೇ ಗ್ರೀಕಿನಿಂದ, ಹಳೇ ಕಾಲದ ಖಗೋಳ ಗ್ರಂಥಗಳ ದಾರಿಯಲ್ಲಿ. ಪಂಚಾಂಗದ ಹೋರೆಯೂ ಹಾಗೇ ಬಂದದ್ದು. ಇವತ್ತೂ ಗ್ರೀಕರು ಗಂಟೆ ಎಷ್ಟು ಅಂತ ಕೇಳುವಾಗ 'ತಿ ಓರ' ಅನ್ನುತ್ತಾರೆ. ಮೀಟಿಂಗ್ ಎಷ್ಟು ಹೊತ್ತಿಗೆ ಅಂತ ದಿನಾ ಕೇಳುವ ಪದದೊಳಗೆ ಅಜ್ಜನ ಪಂಚಾಂಗ ಇದೆ ಅಂತ ಗೊತ್ತಾದಾಗ ಆ ಭಾಷೆ ಪರದೇಶದ್ದು ಅನ್ನಿಸಲಿಲ್ಲ.

ಇಂಗ್ಲಿಷ್ ಕಾಲಂ ಸುಲಭ ಅಂದುಕೊಂಡಿದ್ದೆ. ಅಲ್ಲೂ ತೊಡಕಿತ್ತು. ಮೀಟಿಂಗ್ 'ಪ್ರಿಪೋನ್' ಆಗಿದೆ ಅಂತ ಮೇಲ್ ಕಳಿಸಿದ ದಿನ ಇಬ್ಬರು ಹಳೇ ಸಮಯಕ್ಕೇ ಬಂದರು. ಪ್ರಿಪೋನ್ ನಮ್ಮ ದೇಶದ ಇಂಗ್ಲಿಷ್, ಅವರು ಆ ಪದ ಕೇಳಿಯೇ ಇರಲಿಲ್ಲ. ಈಗ ನೊರೀತೆರ, ಅಂದರೆ 'ಮೊದಲೇ', ಅಂತ ಸೇರಿಸಿ ಸಮಯ ಬರೆಯುತ್ತೇನೆ. 'ಟೇಬಲ್ ಮಾಡೋದು' ಇನ್ನೊಂದು. ಬ್ರಿಟನ್ನಿನವರಿಗೆ ಅದು ವಿಷಯವನ್ನು ಚರ್ಚೆಗೆ ತರುವುದು, ಅಮೆರಿಕದವರಿಗೆ ಪಕ್ಕಕ್ಕೆ ಇಡುವುದು. ಟಿಪ್ಪಣಿಯಲ್ಲಿ ಆ ಪದ ಬಳಸುವುದನ್ನೇ ಬಿಟ್ಟೆ. ಅನವಾಲೆತೆ ಅಂದರೆ ಮುಂದಕ್ಕೆ ಹೋಗಿದೆ, ಅಕಿರೋನೆತೆ ಅಂದರೆ ರದ್ದು. ಮುಷ್ಕರ ಜಾಸ್ತಿ ಇರುವ ಊರಿನಲ್ಲಿ ಈ ಎರಡು ಮೊದಲ ವಾರವೇ ಬೇಕು.

ಆಫೀಸಿಗಿಂತ ಜಾಸ್ತಿ ಕಲಿತದ್ದು ನಾನಿದ್ದ ಕಟ್ಟಡದಲ್ಲಿ. ಒಂದು ಸಂಜೆ ಕೆಳಗಿನ ಬಾಗಿಲಿಗೆ ಕಾಗದ ಅಂಟಿಸಿದ್ದರು: ಯೆನಿಕೀ ಸಿನೇಲೆಫ್ಸಿ. ಮನೆ ಮಾಲೀಕರ ಮಹಾಸಭೆ. ನಾನು ಬಾಡಿಗೆಯವಳು, ಮತ ಇಲ್ಲ. ಆದರೂ ಮಾಲೀಕರಾದ ಅಜ್ಜಿ 'ಬಾ, ಕೂತು ಕೇಳು' ಅಂತ ಕರೆದುಕೊಂಡು ಹೋದರು. ಮೆಟ್ಟಿಲ ಬುಡದಲ್ಲಿ ಆರು ಕುರ್ಚಿ, ಉಳಿದವರು ಮೆಟ್ಟಿಲ ಮೇಲೆ. ಚಳಿಗಾಲದ ಹೀಟರಿಗೆ ಎಣ್ಣೆ ತರಿಸುವ ವಿಷಯ. ಮೊದಲ ಮಾತೇ 'ಅಪರ್ತೀಯ ಇದೆಯಾ?' ಅಂದರೆ ಕೋರಂ. ತಲೆ ಎಣಿಸಲಿಲ್ಲ. ಕಟ್ಟಡವನ್ನು ಸಾವಿರ ಪಾಲು ಅಂತ ಲೆಕ್ಕ ಹಾಕಿ, ಮನೆಯ ಅಳತೆಗೆ ತಕ್ಕಂತೆ ಒಬ್ಬೊಬ್ಬರಿಗೆ ಇಷ್ಟು ಪಾಲು ಅಂತ ಹಂಚಿರುತ್ತಾರೆ. ಆ ಪಾಲುಗಳನ್ನು ಕೂಡಿಸಿದರು. ಸಾಲಲಿಲ್ಲ. ಒಂದು ವಾರ ಬಿಟ್ಟು ಮತ್ತೆ ಸೇರಿದರು. 'ಕೋರಂ ಇಲ್ಲ, ಸಭೆ ಮುಂದಕ್ಕೆ' ಅಂತ ಅಪ್ಪ ಮನೆಗೆ ಬಂದು ಹೇಳುತ್ತಿದ್ದ ಮಾತು ಅಲ್ಲಿ ನನ್ನ ಕಿವಿಯಲ್ಲಿ ಕೇಳಿದಂತಾಯಿತು. ಎರಡನೇ ಸಲ ಒಮೋಫೊನ ಪಾಸಾಯಿತು. ಒಂದೇ ದನಿಯಲ್ಲಿ ಅಂತ. ಕನ್ನಡದ ಕಾಲಂಗೆ ಯೋಚನೆಯೇ ಬೇಕಾಗಲಿಲ್ಲ: ಒಕ್ಕೊರಲಿನಿಂದ.

ಕೋರಂ ತುಂಬದ ಕಷ್ಟ ಅಲ್ಲಿ ಬಹಳ ಹಳೆಯದು. ಪಿರೇಯಸ್‌ನಿಂದ ಮೆಟ್ರೊ ಹತ್ತಿ ಥಿಸೀಯೊದಲ್ಲಿ ಇಳಿದು ನಡೆದರೆ ಪ್ನೀಕ ಅನ್ನುವ ಗುಡ್ಡ ಸಿಗುತ್ತದೆ. ಎದುರಿಗೆ ಅಕ್ರೊಪೊಲಿಸ್. ಬಂಡೆಯಲ್ಲೇ ಕಡಿದ ಮಾತಿನ ಕಟ್ಟೆ ಇನ್ನೂ ಇದೆ. ಅಥೆನ್ಸಿನ ನಾಗರಿಕರ ಸಭೆ ಎಕ್ಲಿಸೀಯ ಅಲ್ಲಿ ಸೇರುತ್ತಿತ್ತು. ಕೆಲವು ನಿರ್ಧಾರಗಳಿಗೆ 6000 ಜನ ಇರಲೇಬೇಕಿತ್ತು. ಕೆಳಗಿನ ಅಗೊರಾದಲ್ಲಿ, ಅಂದರೆ ಊರ ಜನ ಸೇರುವ ಬಯಲಿನಲ್ಲಿ, ಹರಟುತ್ತಾ ನಿಂತವರನ್ನು ಕೆಂಪು ಬಣ್ಣ ಹಚ್ಚಿದ ಹಗ್ಗ ಹಿಡಿದು ಗುಡ್ಡದ ಕಡೆ ಅಟ್ಟುತ್ತಿದ್ದರು. ಬಟ್ಟೆಗೆ ಕೆಂಪು ಹತ್ತಿದರೆ ತಡವಾಗಿ ಬಂದವನು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಶುರುವಿನಲ್ಲಿ ಬಂದವರಿಗೆ ಹಣ ಕೊಡತೊಡಗಿದರು. ಇಂದು ಎಕ್ಲಿಸೀಯ ಅಂದರೆ ಚರ್ಚು, ಅಗೊರಾ ಅಂದರೆ ಮಾರುಕಟ್ಟೆ. ಸಭೆಯ ಪದಗಳು ದೇವರಿಗೂ ತರಕಾರಿಗೂ ಹಂಚಿಹೋದವು. ಮತಕ್ಕೆ ಮಾತ್ರ ಹಳೇ ಪದವೇ ಉಳಿದಿದೆ. ಪ್ಸೀಫೊಸ್, ಬೆಣಚುಕಲ್ಲು. ಕಲ್ಲು ಹಾಕಿ ಮತ ಎಣಿಸುತ್ತಿದ್ದ ಕಾಲದ್ದು.

ಸಭೆಯಲ್ಲದ ಕೂಟಗಳಿಗೆ ಇಂಗ್ಲಿಷ್ ಕಾಲಂ ಅನೇಕ ಸಲ ಖಾಲಿ ಬಿಟ್ಟೆ. ಪನಿಯೀರಿ ಅಂದರೆ ಜಾತ್ರೆ. ಸಂತರ ಹಬ್ಬದ ದಿನ ಊರೆಲ್ಲ ಸೇರಿ ಊಟ, ಕುಣಿತ. ಆಗಸ್ಟ್ 15 ಅವರಿಗೆ ಮೇರಿ ಮಾತೆಯ ದೊಡ್ಡ ಹಬ್ಬ, ದ್ವೀಪಗಳಲ್ಲಿ ಅವತ್ತು ಪನಿಯೀರಿ. ಯೊರ್ತೀ ಅಂದರೆ ಹಬ್ಬ, ಹೆಸರಿನ ಹಬ್ಬಕ್ಕೂ, ಅಂದರೆ ತಮ್ಮ ಹೆಸರಿನ ಸಂತರ ದಿನಕ್ಕೂ, ಅದೇ ಮಾತು. ಡಿಸೆಂಬರ್ 6 ನಾವಿಕರ ಕಾವಲಿನ ಸಂತ ನಿಕೋಲಸನ ದಿನ. ಹಡಗಿನ ಆಫೀಸಿನಲ್ಲಿ ಅದಕ್ಕೆ ತನ್ನದೇ ತೂಕ. ನಿಕೋಸ್ ಅನ್ನುವ ಹೆಸರಿನವರೆಲ್ಲ ಸಿಹಿ ತಂದು ಹಂಚುತ್ತಾರೆ, ನಾವು 'ಹ್ರೋನ್ಯ ಪೊಲಾ' ಅನ್ನುತ್ತೇವೆ. ನೂರ್ಕಾಲ ಬಾಳಿ ಅಂದಹಾಗೆ.

ಇಂಗ್ಲಿಷಿಗೆ ಸಿಗದೆ ಹೋದ ಇನ್ನೊಂದು ಪದ ಪರೇಯ. ಯಾವಾಗಲೂ ಜೊತೆ ಸೇರುವ ಗೆಳೆಯರು, ಅವರ ಕೂಟ, ಆ ಒಡನಾಟದ ಹಿತ, ಎಲ್ಲ ಒಂದೇ ಪದದಲ್ಲಿ. ಗ್ಯಾಂಗ್ ಅಂದರೆ ಒರಟು, ಗ್ರೂಪ್ ಅಂದರೆ ಬರಡು. ಬಳಗ ಅಂತ ಬರೆದೆ. ಪಕ್ಕದ ಮೇಜಿನ ನಿಕೋಸ್ ಒಂದು ಸಂಜೆ ನೋಟ್‌ಬುಕ್ ಇಣುಕಿ ನೋಡಿ, ಇದನ್ನು ಹೇಗೆ ಓದೋದು ಅಂತ ಕೇಳಿದರು. ಹೇಳಿದೆ. ತಮ್ಮ ಅಕ್ಷರದಲ್ಲಿ ಬರೆದುಕೊಳ್ಳಲು ಕೂತರು. ಗ್ರೀಕಿನಲ್ಲಿ ಬ ಬರೆಯಲು ಮಿ, ಪಿ ಅಂತ ಎರಡಕ್ಷರ ಬೇಕು. ಗ ಬರೆಯಲೂ ಎರಡು. ನಮ್ಮ ಮೂರಕ್ಷರದ ಬಳಗ ಅವರ ಹಾಳೆಯ ಮೇಲೆ ಎಂಟಕ್ಷರ ಆಯಿತು. ಳ ಅವರಲ್ಲಿ ಇಲ್ಲ. ನಾಲಿಗೆ ಹಿಂದಕ್ಕೆ ಮಡಚಿ ಅಂತ ನಾನು ತೋರಿಸಿದೆ. ಅವರು ಮಡಚಿ ಮಡಚಿ ಹೇಳಿದರು. ನಾಲ್ಕನೇ ಸಲಕ್ಕೆ ಸರಿಯಾಗಿ ಬಂತು.