ಹೈಡ್ರೋಪೋನಿಕ್ಸ್ ಟ್ಯಾಂಕಿಗೆ ಉಪಕಾರಿ ಸೂಕ್ಷ್ಮಜೀವಿಗಳನ್ನು ಸೇರಿಸುವ ಬಗೆ

ಮಣ್ಣಿಲ್ಲದ ಕೃಷಿಯಲ್ಲಿ ಬೇರು ಕೊಳೆಸುವ ಮುಖ್ಯ ಶತ್ರು ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ. ಅದು ಬೇರಿಗೆ ಅಂಟುವ ಮೊದಲೇ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ ಅಥವಾ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಅಲ್ಲಿ ನೆಲೆಸಿರಬೇಕು. ಹಾಗಾಗಿ ಸಸಿ ನಾಟಿ ಮಾಡುವ ದಿನವೇ ಹಾಕಿ. ಕೊಳೆತ ಬೇರನ್ನು ಇವು ಮತ್ತೆ ಬದುಕಿಸಲಾರವು.

ನಲ್ಲಿ ನೀರಿನ ಕ್ಲೋರಿನ್ ಇವನ್ನು ಕೊಲ್ಲುತ್ತದೆ. ನೀರನ್ನು 24 ಗಂಟೆ ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿ ಬಿಡಿ. ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯ ಸೇರಿದ ಸೋಂಕುನಾಶಕ) ಇದ್ದರೆ ಇದು ಸಾಲದು, ಕಾರ್ಬನ್ ಫಿಲ್ಟರ್ ಬೇಕು. ಪಿಎಚ್ 5.5ರಿಂದ 6.5, ನೀರಿನ ಉಷ್ಣತೆ 18ರಿಂದ 22 ಡಿಗ್ರಿ ಇರಲಿ.

ಲೇಬಲ್ ಹೇಳಿದಷ್ಟೇ ಸೂಕ್ಷ್ಮಜೀವಿ ಪುಡಿಯನ್ನು ಒಂದು ಮಗ್ ನೀರಿನಲ್ಲಿ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಸುರಿಯಿರಿ. ಸೋಸದಿದ್ದರೆ ಪುಡಿಯಲ್ಲಿರುವ ಟಾಲ್ಕ್ ನೀರು ಹನಿಸುವ ಡ್ರಿಪ್ಪರ್ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಟ್ಯಾಂಕಿನ ಪೋಷಕಾಂಶ ದ್ರಾವಣ ಬದಲಿಸಿದಾಗಲೆಲ್ಲ ಮತ್ತೆ ಹಾಕಬೇಕು. ಹೈಡ್ರೋಜನ್ ಪೆರಾಕ್ಸೈಡ್ ಜೊತೆಗೆ ಬೇಡವೇ ಬೇಡ, ರೋಗಾಣು ಕೊಲ್ಲುವ ಯುವಿ (ಅತಿನೇರಳೆ) ದೀಪವೂ ಆರಿರಲಿ.

ಬೆಲ್ಲ, ಕಾಕಂಬಿ ಸೇರಿಸುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಸಕ್ಕರೆ ಸಿಕ್ಕ ಬ್ಯಾಕ್ಟೀರಿಯಾ ಬೇಕಾಬಿಟ್ಟಿ ಬೆಳೆದು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ; ಪೈಪಿನೊಳಗೆ ಲೋಳೆ ಕಟ್ಟಿ, ಬೇರು ಕಂದಾಗಿ ನಾರುತ್ತದೆ.

ಬೇರಿನೊಂದಿಗೆ ಕೂಡಿ ಬಾಳುವ ಶಿಲೀಂಧ್ರವಾದ ಮೈಕೋರೈಜಾಕ್ಕೆ ಇಲ್ಲಿ ಹಣ ಸುರಿಯುವುದು ಬಹುತೇಕ ವ್ಯರ್ಥ. ರಂಜಕ ಧಾರಾಳವಾಗಿ ಸಿಗುವ ದ್ರಾವಣದಲ್ಲಿ ಗಿಡ ಅದರ ಸಖ್ಯ ಬಯಸುವುದಿಲ್ಲ. ಪಾಲಕ್, ಕೋಸು, ಸಾಸಿವೆ ಜಾತಿಗಳಂತೂ ಮಣ್ಣಿನಲ್ಲಿಯೂ ಅದರೊಂದಿಗೆ ಕೂಡುವುದಿಲ್ಲ.